ಡ್ರಾಪ್ ಎಲ್ಲಿಗೆ ಮಾರಾಯ್ರೆ?

ಮಂಗಳೂರು ಜಂಕ್ಷನ್‌ನಲ್ಲಿ ರೈಲಿಳಿದು ಆ್ಯಪ್‌ನಲ್ಲಿ ಕ್ಯಾಬ್ ಬುಕ್ ಮಾಡಿದರೆ ಮೊದಲು ಬರುವುದು ಕಾರಲ್ಲ, ಫೋನು. "ಡ್ರಾಪ್ ಎಲ್ಲಿಗೆ? ಕ್ಯಾಶಾ, ಆನ್‌ಲೈನಾ?" ಊರಾಚೆಯ ಮುಡಿಪು ಅಂದರೆ ಮುಗಿಯಿತು, ವಾಪಸ್ ಬಾಡಿಗೆ ಸಿಗುವುದಿಲ್ಲವೆಂದು ಕಾರು ಇದ್ದಲ್ಲೇ ಉಂಟು. ಚಾಲಕರು ತಾವಾಗಿ ಕ್ಯಾನ್ಸಲ್ ಮಾಡುವುದಿಲ್ಲ. ನಾವು ಮಾಡುವವರೆಗೆ ಕಾಯುತ್ತಾರೆ, ದಂಡ ನಮ್ಮ ತಲೆಗೆ.

2024ರ ಫೆಬ್ರವರಿಯಲ್ಲಿ ಸರ್ಕಾರ ಆ್ಯಪ್ ಕ್ಯಾಬಿಗೂ ಸಿಟಿ ಟ್ಯಾಕ್ಸಿಗೂ ಒಂದೇ ದರ ಮಾಡಿತು. 10 ಲಕ್ಷ ರೂಪಾಯಿಯೊಳಗಿನ ಬೆಲೆಯ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಶೇ. 10 ಹೆಚ್ಚು. ಲೆಕ್ಕ ಹಾಕಿ: ಹಗಲು 12 ಕಿ.ಮೀ.ಗೆ 292, ಟೋಲ್, ಜಿಎಸ್‌ಟಿ ಬೇರೆ. ಆದರೆ ಜೂನ್ ತಿಂಗಳ ಒಂದು ಜೋರು ಮಳೆ ಬರಲಿ, ಪರದೆಯ ಮೇಲಿನ ಮೊತ್ತ ನೋಡಿ!

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಾಯಿಮಾತಿನ ದರ, ಅದೂ ಸರಿಯಲ್ಲ. ಆದರೂ ಅಲ್ಲಿ ಕಾರು ಕಣ್ಣೆದುರು ಉಂಟು, ಹತ್ತುವ ಮೊದಲೇ ಮಾತು ಮುಗಿದಿರುತ್ತದೆ. ಚಾಲಕರನ್ನೇ ಬೈದು ಪ್ರಯೋಜನವಿಲ್ಲ, ಖಾಲಿ ವಾಪಸಾಗುವ ಪೆಟ್ರೋಲ್ ಖರ್ಚನ್ನು ಆ್ಯಪ್ ಕಂಪನಿ ಕೊಡುವುದಿಲ್ಲ.

ಕ್ಯಾನ್ಸಲ್ ಒತ್ತುವ ಮುಂಚೆ ಚಾಟ್‌ನಲ್ಲಿ "ಬರ್ತೀರಾ?" ಎಂದು ಬರೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕಾರಣ ಕೇಳಿದಾಗ ಅವಸರದಲ್ಲಿ "ಪ್ರಯಾಣ ಬೇಡ" ಒತ್ತಬೇಡಿ, ಚಾಲಕರು ಬರಲೊಪ್ಪಲಿಲ್ಲ ಎಂಬುದನ್ನೇ ಆರಿಸಿ. ಇಲ್ಲದಿದ್ದರೆ ಹಾಕಿದ ದಂಡ ವಾಪಸ್ ಕೇಳಲು ಕೈಯಲ್ಲಿ ಏನೂ ಉಳಿಯುವುದಿಲ್ಲ.