ಇವನೂ ಹೆಂಗಸೇನಾ?

ಹತ್ತೊಂಬತ್ತನೇ ಶತಮಾನದ ಐರ್ಲೆಂಡಿನ ಡಬ್ಲಿನ್ನು, ಅಲ್ಲೊಂದು ಹೋಟೆಲ್ಲು, ಗಂಡಸಿನ ವೇಷದಲ್ಲಿ ವರ್ಷಗಟ್ಲೆ ವೇಟರ್ ಕೆಲಸ ಮಾಡ್ತಿರೋ ಹೆಂಗಸು. ಇಷ್ಟು ಕೇಳಿದ್ರೆ ಯಾರಿಗಾದ್ರೂ ಕುತೂಹಲ ಆಗುತ್ತೆ ತಾನೇ, ನಂಗೂ ಆಯ್ತು, ಅಮ್ಮನ್ನೂ ಎಳ್ಕೊಂಡು ಬಂದು ಕೂರಿಸ್ಕೊಂಡು 'ಆಲ್ಬರ್ಟ್ ನಾಬ್ಸ್' ಹಾಕ್ದೆ. 2011ರ ಸಿನಿಮಾ. ಆಲ್ಬರ್ಟ್ ಆಗಿರೋ ನಟಿ ಗ್ಲೆನ್ ಕ್ಲೋಸ್ ಇದೇ ಪಾತ್ರನ 1982ರಲ್ಲೇ ನಾಟಕದಲ್ಲಿ ಮಾಡಿದ್ರಂತೆ, ಆಮೇಲೆ ಅಷ್ಟೂ ವರ್ಷ ಮನಸಲ್ಲಿಟ್ಕೊಂಡು ಕೊನೆಗೆ ಚಿತ್ರಕತೆಗೂ ತಾವೇ ಕೈ ಹಾಕಿದ್ರು. ಅಷ್ಟು ಹೊತ್ತು ಒಲೆ ಮೇಲಿಟ್ರೆ ಯಾವುದಾದ್ರೂ ತಳ ಹಿಡಿಯುತ್ತೆ ಬಿಡಿ.

ಶುರುವಾಗಿ ಸ್ವಲ್ಪ ಹೊತ್ತಿಗೆ ಅಮ್ಮ, "ಯಾಕೆ ಈ ಮುದುಕ ಹಿಂಗೆ ಮರದ ಕೊರಡಿನ ಥರ ನಿಂತಿದಾನೆ?"

"ಅಮ್ಮ, ಅದು ಹೆಂಗಸು."

"ಹೌದಾ?"

ಅಲ್ಲಿಗೆ ಹೋಟೆಲ್ಲಿಗೆ ಬಣ್ಣ ಹೊಡಿಯೋಕೆ ಹ್ಯೂಬರ್ಟ್ ಅಂತ ಒಬ್ಬ ಬರ್ತಾನೆ, ಯಜಮಾನಿ ಅವನನ್ನ ಆಲ್ಬರ್ಟ್ ಮಂಚದಲ್ಲೇ ಮಲಗು ಅಂತಾಳೆ, ಮೈ ಬಿಗಿಯೋ ಕಾರ್ಸೆಟ್ ಒಳಗೆ ಚಿಗಟ ಸೇರ್ಕೊಂಡು ಆಲ್ಬರ್ಟ್ ಗುಟ್ಟು ರಟ್ಟಾಗುತ್ತೆ. ಒಳ್ಳೆ ಸೀನು, ಸುಳ್ಳು ಹೇಳಲ್ಲ. ಆಮೇಲೆ ನೋಡಿದ್ರೆ ಹ್ಯೂಬರ್ಟೂ ಹೆಂಗಸೇ! ಅಮ್ಮ ಕನ್ನಡಕ ಸರಿ ಮಾಡ್ಕೊಂಡು "ಹಂಗಾದ್ರೆ ಇದ್ರಲ್ಲಿ ಗಂಡಸರು ಯಾರೇ?" ಅಂದ್ರು. ಅಲ್ಲಿಂದ ಮುಂದೆ ಯಾರು ಬಂದ್ರೂ, ಡಾಕ್ಟರು ಬಂದ್ರೂ, ಬಾಯ್ಲರ್ ನೋಡ್ಕೊಳ್ಳೋ ಜೋ ಬಂದ್ರೂ, "ಇವನೂ ಹೆಂಗಸೇನಾ?" ಸಿನಿಮಾಕ್ಕಿಂತ ಆ ಅನುಮಾನದಲ್ಲೇ ಹೆಚ್ಚು ಸಸ್ಪೆನ್ಸ್ ಇತ್ತು.

ಯಾಕಂದ್ರೆ ನಮ್ಮ ಆಲ್ಬರ್ಟ್ ಮಾಡೋದು ಒಂದೇ ಕೆಲಸ, ಟಿಪ್ಸ್ ಕಾಸು ಎಣಿಸಿ ಪುಸ್ತಕದಲ್ಲಿ ಬರೆದು ನೆಲದ ಹಲಗೆ ಕೆಳಗೆ ಬಚ್ಚಿಡೋದು. ತಂಬಾಕಿನ ಅಂಗಡಿ ಇಡ್ಬೇಕು ಅನ್ನೋ ಆಸೆ ಪಾಪ. ಸರಿ, ಆದ್ರೆ ಇಷ್ಟು ವರ್ಷ ಯಾರಿಗೂ ಗೊತ್ತಾಗ್ದೆ ಹೆಂಗೆ ಬದುಕಿದ್ಲು, ಜ್ವರ ಬಂದ್ರೆ ಏನ್ಮಾಡ್ತಿದ್ಲು, ನಾವು ನೋಡೋಕೆ ಕೂತಿದ್ದೇ ಅದನ್ನ ಅಲ್ವಾ? ನಿಜವಾಗ್ಲೂ ಹಿಂಗೆ ಬದುಕಿದವರ ಕತೆ ಕೇಳಿದ್ರೆ ಮೈ ಜುಮ್ಮನ್ನುತ್ತೆ. ಹ್ಯಾನಾ ಸ್ನೆಲ್ ಅಂತ ಇಂಗ್ಲೆಂಡಿನವಳು, ಜೇಮ್ಸ್ ಗ್ರೇ ಅನ್ನೋ ಹೆಸರಲ್ಲಿ ಸೈನ್ಯ ಸೇರಿ 1748ರಲ್ಲಿ ನಮ್ಮ ಪಾಂಡಿಚೇರಿ ಮುತ್ತಿಗೆವರೆಗೂ ಬಂದಿದ್ಲು, ಆಮೇಲೆ ಪೆನ್ಷನ್ನೂ ತಗೊಂಡ್ಲು. ಅದೇ ಐರ್ಲೆಂಡಿನ ಕಾರ್ಕ್‌ನಲ್ಲಿ ಹುಟ್ಟಿದ ಡಾಕ್ಟರ್ ಜೇಮ್ಸ್ ಬ್ಯಾರಿ ಮಿಲಿಟರಿ ಸರ್ಜನ್ ಆಗಿ 1826ರಲ್ಲಿ ಕೇಪ್ ಟೌನಲ್ಲಿ ಸಿಸೇರಿಯನ್ ಮಾಡಿ ತಾಯಿ ಮಗು ಇಬ್ರನ್ನೂ ಉಳಿಸಿದ್ರು, ಹುಟ್ಟಿದ್ದು ಹೆಣ್ಣಾಗಿ ಅನ್ನೋ ಸುದ್ದಿ ಹೊರಗೆ ಬಂದಿದ್ದು 1865ರಲ್ಲಿ ಸತ್ತ ಮೇಲೆ. ಇಲ್ಲಿ ಮಾತ್ರ ಶಿಲ್ಲಿಂಗ್ ಲೆಕ್ಕ!

ಜಾನೆಟ್ ಮೆಕ್‌ಟೀರ್ ಹ್ಯೂಬರ್ಟ್ ಆಗಿ ಚಿಂದಿ ಬಿಡಿ, ಸಿನಿಮಾನ ಅವರ ಮೇಲೇ ಮಾಡ್ಬಹುದಿತ್ತು. ಆಸ್ಕರ್‌ಗೆ ಮೂರು ನಾಮಿನೇಷನ್ ಬಂತು, ಒಂದೂ ಕೈಗೆ ಸಿಗ್ಲಿಲ್ಲ.

ಕೊನೆ ಹೇಳ್ತಿದೀನಿ, ನೋಡೋರು ಇಲ್ಲೇ ನಿಲ್ಸಿ. ಆಲ್ಬರ್ಟ್ ಸಾಯ್ತಾಳೆ, ಕೂಡಿಟ್ಟ ದುಡ್ಡು ಯಜಮಾನಿ ಕೈಗೆ ಸಿಕ್ಕಿ ಅವಳು ಅದ್ರಲ್ಲೇ ಹೋಟೆಲ್ ರಿಪೇರಿ ಮಾಡಿಸ್ತಾಳೆ. ಅಷ್ಟೊತ್ತೂ ತೂಕಡಿಸ್ತಿದ್ದ ಅಮ್ಮ ಅಲ್ಲಿ ಮಾತ್ರ ಎದ್ದು ಕೂತ್ರು.

"ಬ್ಯಾಂಕಲ್ಲಿ ಇಡೋಕೇನಾಗಿತ್ತೇ ಅವಳಿಗೆ?"

"ಯಾವ ಹೆಸರಲ್ಲಮ್ಮಾ?"