ಶಿಲಿಂಗಿಗೆ ಎರಡು ಪೆನ್ನಿ ನಷ್ಟ ಯಾರ ಪಾಲಿಗೆ?

ಊರಿಗೆ ಹೋದಾಗ ಖಾದಿಯ ಮಾತು ಬಂದರೆ ಸಾಕು, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಅದೆಲ್ಲ ಲಾಸು. ಸರ್ಕಾರದ ದುಡ್ಡಿಲ್ಲದಿದ್ದರೆ ಒಂದು ದಿನವೂ ನಡೆಯಲ್ಲ." ನಾನು ಲಂಡನ್ನಿಗೆ ಬಂದು ನೆಲೆಸಿ ಬಹಳ ಕಾಲವಾಯಿತು. ಬಡವರಿಗೆ ನೂಲುವ ಕೆಲಸ ಕೊಟ್ಟು ಬಡತನ ಕಳೆಯಬೇಕು ಅಂತ ಇಲ್ಲಿನವರು 300-450 ವರ್ಷಗಳ ಹಿಂದೆ ಮಾಡಿದ ಯೋಜನೆಗಳನ್ನು ಓದುತ್ತಾ ಹೋದಂತೆ, ಊರಿನ ಆ ಮಾತು ನನಗೆ ಅರ್ಧ ಮಾತು ಅನ್ನಿಸತೊಡಗಿದೆ. ಲಾಸು ಇದೆ, ಒಪ್ಪೋಣ. ಅದನ್ನು ಯಾರ ತಲೆಗೆ ಕಟ್ಟುತ್ತಿದ್ದೇವೆ ಅಂತಲೂ ಕೇಳಬೇಕಲ್ವಾ?

ಇಂಗ್ಲೆಂಡಿನಲ್ಲಿ ಇದು ಕಾನೂನೇ ಆಗಿತ್ತು. ಎಲಿಜಬೆತ್ ರಾಣಿಯ ಕಾಲದ 1576ರ ಕಾಯಿದೆಯಲ್ಲಿ ಶುರುವಾಗಿ 1601ರ ಬಡವರ ಕಾಯಿದೆಯಲ್ಲಿ ಗಟ್ಟಿಯಾಯಿತು. ಪ್ರತಿ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರು-ಕೇರಿ) ತೆರಿಗೆ ಎತ್ತಬೇಕು. ಆ ಹಣದಲ್ಲಿ ಅಗಸೆ ನಾರು, ಸೆಣಬು, ಉಣ್ಣೆ, ದಾರ, ಕಬ್ಬಿಣ ಕೊಂಡಿಟ್ಟು, ಕೈಕಾಲು ಗಟ್ಟಿಯಿರುವ ಬಡವರಿಗೆ ಕೆಲಸ ಕೊಡಬೇಕು. (ನಮ್ಮ ಉತ್ತರ ಕರ್ನಾಟಕದ ಚಟ್ನಿಪುಡಿಗೆ ಬೀಳುವ ಅಗಸೆಯೇ ಇದು. ಇಲ್ಲಿ ಅದರ ಕಾಂಡದ ನಾರಿನಿಂದ ಲಿನನ್ ಬಟ್ಟೆ ಮಾಡುತ್ತಿದ್ದರು.) ಎಲ್ಲರ ಕಣ್ಣೂ ನೂಲಿನ ಮೇಲೆಯೇ ಬಿದ್ದಿದ್ದಕ್ಕೆ ಕಾರಣವಿದೆ. ಒಬ್ಬ ನೇಕಾರನ ಮಗ್ಗ ಖಾಲಿ ಬೀಳದಂತೆ ನೋಡಿಕೊಳ್ಳಲು ಹಲವರು ನೂಲಬೇಕು. ರಾಟೆಗೆ ದೊಡ್ಡ ಬಂಡವಾಳ ಬೇಡ. ಮುದುಕಿಯೂ ನೂಲಬಹುದು, ಮಗುವೂ ನೂಲಬಹುದು.

ಎಲ್ಲರೂ ಮಾಡಬಲ್ಲ ಕೆಲಸಕ್ಕೆ ಕೂಲಿ ಕಡಿಮೆ. ಇದು ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ. 1570ರಲ್ಲಿ ನಾರಿಚ್ ನಗರದವರು ತಮ್ಮ ಊರಿನ ಬಡವರನ್ನೆಲ್ಲ ಮನೆಮನೆಗೆ ಹೋಗಿ ಪಟ್ಟಿ ಮಾಡಿದರು. ದೊಡ್ಡವರು, ಮಕ್ಕಳು ಸೇರಿ ಸುಮಾರು 2300 ಜನ. ಆ ಪಟ್ಟಿಯಲ್ಲಿದ್ದ ಹೆಂಗಸರಲ್ಲಿ ಬಹಳ ಮಂದಿ ಆಗಲೇ ನೂಲುತ್ತಿದ್ದರು. ನೂಲುತ್ತಲೇ ಬಡವರಾಗಿದ್ದರು. ಆದರೂ ಮುಂದಿನ ನೂರೈವತ್ತು ವರ್ಷ ಯೋಜನೆ ಬರೆದವರಲ್ಲಿ ಹೆಚ್ಚಿನವರು ಬಡವರು ಸುಮ್ನೆ ಕೂತಿದ್ದಾರೆ, ಅವರ ಕೈಗೆ ರಾಟೆ ಕೊಟ್ಟರೆ ಮುಗಿಯಿತು ಅಂತಲೇ ಬರೆದರು.

ಇವರ ನಡುವೆ ನನಗೆ ತುಂಬ ಇಷ್ಟವಾದವನು ಥಾಮಸ್ ಫರ್ಮಿನ್. 1632ರಲ್ಲಿ ಇಪ್ಸ್‌ವಿಚ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದವನು. 1676ರಲ್ಲಿ ಆಲ್ಡರ್ಸ್‌ಗೇಟ್ ಹತ್ತಿರ ಒಂದು ಕಾರ್ಖಾನೆ ತೆರೆದ. ಕಾರ್ಖಾನೆ ಅಂದರೆ ಬಡವರನ್ನು ಒಳಗೆ ಕೂಡಿಹಾಕುವ ಜಾಗ ಅಲ್ಲ. ಅಲ್ಲಿಂದ ಅಗಸೆ ನಾರು ತೂಕ ಮಾಡಿ ಕೊಡುತ್ತಿದ್ದರು. ಹೆಂಗಸರು ಮನೆಗೆ ಒಯ್ದು ನೂತು ತಂದುಕೊಟ್ಟರೆ ಕೂಲಿ ಕೈಗೆ. ಒಂದು ಕಾಲದಲ್ಲಿ ನೂಲುವವರೇ 1700ರಷ್ಟು ಜನ ಇದ್ದರು. ನಾರು ಹಸನು ಮಾಡುವವರು, ನೇಯುವವರು ಬೇರೆ.

1678ರಲ್ಲಿ ಆತ ತನ್ನ ಸಲಹೆಗಳನ್ನು ಅಚ್ಚು ಮಾಡಿಸಿದ. ಅದರಲ್ಲಿ ಬರುವ ಹೆಂಗಸರನ್ನು ನೋಡಿ. ಒಬ್ಬಳು ವಾರಕ್ಕೆ ಮೂರು ದಿನ ಬೇರೆಯವರ ಮನೆಯಲ್ಲಿ ಬಟ್ಟೆ ಒಗೆಯಲು, ನೆಲ ತಿಕ್ಕಲು ಹೋಗುತ್ತಾಳೆ. ಇನ್ನೊಬ್ಬಳು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಬಾಣಂತಿಯರ, ಕಾಯಿಲೆಯವರ ಆರೈಕೆ ಮಾಡುತ್ತಾಳೆ. ಮತ್ತೊಬ್ಬಳು ಕೆಲವು ದಿನ ಬೆಳಿಗ್ಗೆ ಬುಟ್ಟಿ ಹೊತ್ತು ಮಾರುಕಟ್ಟೆಗೆ ಹೋಗುತ್ತಾಳೆ. ಉಳಿದ ಹೊತ್ತಿನಲ್ಲಿ ಇವರಿಗೆ ಗಳಿಕೆ ಇಲ್ಲ. ಆ ಹೊತ್ತಿಗೆ ನೂಲು ಇರಲಿ ಅಂತ ಆತ ಹೇಳುತ್ತಾನೆ. ಬಡವರ ಮನೆ ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ಕಂಡವನು ಮಾತ್ರ ಹೀಗೆ ಬರೆಯಬಲ್ಲ. ಮಕ್ಕಳನ್ನೂ ಆತ ಬಿಡಲಿಲ್ಲ. ಏಳೆಂಟು ವರ್ಷದ ಮಕ್ಕಳು ದಿನಕ್ಕೆ ಎರಡು ಪೆನ್ನಿ ದುಡಿಯುತ್ತಾರೆ ಅಂತ ಹೆಮ್ಮೆಯಿಂದ ಬರೆದ. ಅದನ್ನು ಇವತ್ತು ಒಪ್ಪಲು ನನಗೆ ಸಾಧ್ಯವಿಲ್ಲ.

ಲೆಕ್ಕಕ್ಕೆ ಬರುತ್ತೇನೆ. ಫರ್ಮಿನ್ ಕೊಡುತ್ತಿದ್ದ ದರದಲ್ಲಿ ದಿನಕ್ಕೆ ಆರು ಪೆನ್ನಿ ಸಿಗಬೇಕಾದರೆ ಹದಿನಾರು ಗಂಟೆ ನೂಲಬೇಕಿತ್ತು. ಅದರಲ್ಲಿ ಹೊಟ್ಟೆ ತುಂಬುವುದಿಲ್ಲ ಅಂತ ಆತನಿಗೂ ಗೊತ್ತಾಯಿತು. ಹಾಗಾಗಿ ಕಷ್ಟದಲ್ಲಿದ್ದವರಿಗೆ ಕೂಲಿಯ ಮೇಲೆ ಬೇರೆಯಾಗಿ ನೆರವು ಕೊಡುತ್ತಿದ್ದ. ಅವರೋ ಅವರ ಮಕ್ಕಳೋ ಕಾಯಿಲೆ ಬಿದ್ದಾಗ ಆ ನೆರವೇ ಜೀವ ಉಳಿಸಿತು. ಇಷ್ಟು ಕಡಿಮೆ ಕೂಲಿ ಕೊಟ್ಟರೂ ಬಟ್ಟೆ ಮಾರಿದಾಗ ಲಾಭ ಬರಲಿಲ್ಲ. ಹನ್ನೆರಡು ಪೆನ್ನಿಯ ಪ್ರತಿ ಶಿಲಿಂಗಿಗೆ ಎರಡು ಪೆನ್ನಿ ನಷ್ಟ. ಆ ಎರಡು ಪೆನ್ನಿಯನ್ನು ಆತ ತನ್ನ ಗಂಟಿನಿಂದ ತುಂಬಿದ. ಆ ಜನ ಭಿಕ್ಷೆಗೆ ಇಳಿಯದೆ ಉಳಿದರೆ ಅಷ್ಟು ನಷ್ಟ ಸರಿಯೇ ಅನ್ನುವುದು ಆತನ ನಿಲುವು. ನಷ್ಟವನ್ನು ಮುಚ್ಚಿಡಲಿಲ್ಲ, ನೂಲುವವಳ ಮೇಲೆ ಹೇರಲೂ ಇಲ್ಲ. ಆತನ ಈ ಗುಣವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆತನ ಜೊತೆಗಾರರು ಈ ದಾರಿ ಹಿಡಿಯಲಿಲ್ಲ. ತತ್ವಜ್ಞಾನಿ ಜಾನ್ ಲಾಕ್‌ಗೆ ಫರ್ಮಿನ್ ಸ್ನೇಹಿತ. ಫರ್ಮಿನ್ ತೀರಿಕೊಂಡ 1697ರಲ್ಲೇ ಲಾಕ್ ಸರ್ಕಾರದ ವ್ಯಾಪಾರ ಮಂಡಳಿಗೆ ಒಂದು ವರದಿ ಬರೆದ. ಬಡತನಕ್ಕೆ ಕಾರಣ ಶಿಸ್ತು ಸಡಿಲವಾದದ್ದು, ನಡತೆ ಕೆಟ್ಟದ್ದು ಅಂತ ಅದರ ತೀರ್ಮಾನ. ನೆರವು ಕೇಳುವವರ 3ರಿಂದ 14 ವರ್ಷದ ಮಕ್ಕಳನ್ನು ಪ್ಯಾರಿಷ್‌ನ ದುಡಿಮೆ ಶಾಲೆಗೆ ಹಾಕಬೇಕು. ಅಲ್ಲಿ ಅವರು ಉಣ್ಣೆ ನೂಲಬೇಕು, ಹೆಣೆಯಬೇಕು. ಊಟಕ್ಕೆ ಬ್ರೆಡ್, ಚಳಿ ಜಾಸ್ತಿಯಾದರೆ ಸ್ವಲ್ಪ ಬಿಸಿ ಗಂಜಿ. ಗಂಜಿಗೆ ಬೇರೆ ಉರಿಯೂ ಬೇಡ, ಕೋಣೆ ಬೆಚ್ಚಗಿಡುವ ಬೆಂಕಿಯೇ ಸಾಕು. ಹದಿನಾಲ್ಕು ತುಂಬುವಷ್ಟರಲ್ಲಿ ಮಗು ತನ್ನ ಖರ್ಚನ್ನು ತಾನೇ ದುಡಿದಿರುತ್ತದೆ, ಪ್ಯಾರಿಷ್‌ಗೆ ಒಂದು ಕಾಸೂ ಖರ್ಚಿಲ್ಲ! ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಅಷ್ಟು ಬರೆದವನು ಮೂರು ವರ್ಷದ ಕೂಸಿನಿಂದ ನಷ್ಟ ತುಂಬಿಸಲು ಹೊರಟಿದ್ದು ಓದಿ ನನಗೆ ತುಂಬ ನೋವಾಯಿತು. ಯೋಜನೆ ಕಾನೂನಾಗಲಿಲ್ಲ. ಆದರೆ ಆ ಯೋಚನೆ ಆಗ ಎಲ್ಲೆಡೆ ಇತ್ತು. ಬ್ರಿಸ್ಟಲ್‌ನಲ್ಲಿ ಜಾನ್ ಕೇರಿ ಎಂಬ ವ್ಯಾಪಾರಿಯ ಮುಂದಾಳತ್ವದಲ್ಲಿ 1696ರಲ್ಲಿ ಬಡವರನ್ನು ದುಡಿಮೆಗೆ ಹಚ್ಚಲು ಬಡವರ ನಿಗಮವೇ ಆಯಿತು. ಅಲ್ಲಿಗೆ ಮೊದಲು ಸೇರಿಸಿದ್ದು ನೂಲಲು ಹುಡುಗಿಯರನ್ನು. ಬೇಸಿಗೆಯಲ್ಲಿ ದಿನಕ್ಕೆ ಹತ್ತೂವರೆ ಗಂಟೆ ಕೆಲಸ, ಚಳಿಗಾಲದಲ್ಲಿ ಒಂದು ಗಂಟೆ ಕಡಿಮೆ.

1704ರಲ್ಲಿ ಡೇನಿಯಲ್ ಡಿಫೋ (ಮುಂದೆ 'ರಾಬಿನ್ಸನ್ ಕ್ರೂಸೋ' ಬರೆದವನು) ಇದಕ್ಕೆಲ್ಲ ಒಂದು ಗಟ್ಟಿ ಆಕ್ಷೇಪ ಎತ್ತಿದ. ಈ ಮಕ್ಕಳು ಒಂದು ಲಡಿ ನೂಲು ನೂತರೆ, ಮೊದಲು ಅದನ್ನು ನೂಲುತ್ತಿದ್ದ ಬೇರೆ ಯಾವುದೋ ಬಡ ಮನೆಯಲ್ಲಿ ಒಂದು ಲಡಿ ಕಡಿಮೆಯಾಗುತ್ತದೆ. ಲಂಡನ್ನಿನಲ್ಲಿ ಹೊಸದಾಗಿ ಬಟ್ಟೆ ಮಾಡಿದರೆ ನೇಯ್ಗೆಯ ಊರಾದ ಕೋಲ್ಚೆಸ್ಟರ್‌ನಲ್ಲಿ ಅಷ್ಟು ಬಟ್ಟೆ ನಿಲ್ಲುತ್ತದೆ. ಕೊಳ್ಳುವವರು ಹೆಚ್ಚಾಗದೆ ನೂಲುವವರು ಮಾತ್ರ ಹೆಚ್ಚಾದರೆ ಏನು ಪ್ರಯೋಜನ? ಬಡವರ ಬಗ್ಗೆ ಡಿಫೋ ಆಡಿದ ಬೇರೆ ಕಟುವಾದ ಮಾತುಗಳು ನನಗೆ ಹಿಡಿಸುವುದಿಲ್ಲ. ಈ ಮಾತಿಗೆ ಮಾತ್ರ ಇವತ್ತಿಗೂ ಉತ್ತರ ಕೊಡಬೇಕು.

ಇಂಗ್ಲೆಂಡ್ ಕಂಡುಕೊಂಡ ಉತ್ತರ ನಮ್ಮ ಬೆನ್ನ ಮೇಲೆ ಬಿತ್ತು. ಭಾರತದ ಹತ್ತಿ ಬಟ್ಟೆಯಿಂದ ತಮ್ಮ ಬಡವರ ಕೆಲಸ ಹೋಗುತ್ತಿದೆ ಅಂತ ಇಲ್ಲಿನ ನೇಕಾರರು ದಂಗೆಯೆದ್ದರು. 1700ರ ಕಾಯಿದೆ ಬಣ್ಣದ ಅಚ್ಚಿನ ಭಾರತೀಯ ಬಟ್ಟೆಯನ್ನು ತಡೆಯಿತು. 1721ರ ಕಾಯಿದೆ ಅಂಥ ಬಟ್ಟೆ ತೊಡುವುದನ್ನೇ ನಿಷೇಧಿಸಿತು. ಆಮೇಲೆ ಯಂತ್ರಗಳು ಬಂದವು. ಮೊದಲು ಇಲ್ಲಿನ ಹೆಂಗಸರ ರಾಟೆ ನಿಂತಿತು. ಮುಂದೆ ಯಂತ್ರದ ನೂಲು ಹಡಗೇರಿ ಬಂದಾಗ ನಮ್ಮ ಹೆಂಗಸರ ರಾಟೆಯೂ ನಿಂತಿತು.

ಗಾಂಧೀಜಿ ಮತ್ತೆ ಚರಕ ಹಿಡಿದಾಗ ಮಾಡಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು ಅಂತ ನನ್ನ ಅನಿಸಿಕೆ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಅವರೇ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ಒಂದು ನಿಯಮ ಒಪ್ಪಿತು. ಸದಸ್ಯರಾಗಬೇಕಾದರೆ ತಿಂಗಳಿಗೆ 2000 ಗಜ ನೂಲು ಕೊಡಬೇಕು. ವಕೀಲರಾದರೂ ಸರಿ, ಜಮೀನ್ದಾರರಾದರೂ ಸರಿ. ಸ್ವತಃ ನೂಲಲು ಆಗದವರು ಬೇರೆಯವರಿಂದ ನೂಲಿಸಿಯಾದರೂ ಕೊಡಬೇಕು. ಮರುವರ್ಷವೇ ನಿಯಮ ಸಡಿಲವಾಯಿತು, ನಿಜ. ಆದರೂ ಇಂಗ್ಲೆಂಡಿನ ಯೋಜನೆಗಳಲ್ಲಿ ನೂಲುವುದು ಬಡವರಿಗೆ ಬೇರೆಯವರು ಹಚ್ಚಿದ ಕೆಲಸ. ಯೋಜನೆ ಬರೆದವನು ರಾಟೆ ಮುಂದೆ ಕೂರುವ ಮಾತೇ ಇಲ್ಲ. ಬೆಳಗಾವಿಯಲ್ಲಿ ನಿಯಮ ಮಾಡಿದವರೂ ನೂಲು ಕೊಡಬೇಕಾಯಿತು. ಆಮೇಲೆ 1935ರಲ್ಲಿ ಖಾದಿ ಕೆಲಸ ನಡೆಸಲು ಗಾಂಧೀಜಿ ಕಟ್ಟಿದ್ದ ಅಖಿಲ ಭಾರತ ಚರಕ ಸಂಘ ಇನ್ನೂ ಮುಖ್ಯವಾದ ಹೆಜ್ಜೆ ಇಟ್ಟಿತು. ಖಾದಿಯ ಬೆಲೆ ಏರಿದರೂ ಪರವಾಗಿಲ್ಲ, ನೂಲುವವಳಿಗೆ ಬದುಕುವಷ್ಟು ಕೂಲಿ ಸಿಗಬೇಕು ಅಂತ ಗಾಂಧೀಜಿ ಪಟ್ಟು ಹಿಡಿದರು. ಫರ್ಮಿನ್ ದಾನವಾಗಿ ಕೊಟ್ಟಿದ್ದನ್ನು ಇವರು ಕೂಲಿಯೊಳಗೇ ಸೇರಿಸಲು ಹೊರಟರು. ದಾನ ಕೊಡುವವನು ಸತ್ತರೆ ದಾನ ನಿಲ್ಲುತ್ತದೆ. ಕೂಲಿಯಾದರೆ ಅದು ಕೇಳಿ ಪಡೆಯುವ ಹಕ್ಕು.

ಡಿಫೋನ ಆಕ್ಷೇಪಕ್ಕೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಒಂದು ಉತ್ತರ ಇತ್ತು. 1957ರಲ್ಲಿ ಶುರುವಾದ ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಧ್ವಜ ಕೈನೂಲಿನ, ಕೈಮಗ್ಗದ ಬಟ್ಟೆಯದ್ದೇ ಆಗಿರಬೇಕು ಅನ್ನುವ ನಿಯಮ ಇದ್ದಷ್ಟು ಕಾಲ ಆ ನೂಲಿಗೆ ಅದರದ್ದೇ ಗಿರಾಕಿ ಇದ್ದರು. ಬೇರೆ ಯಾವ ಬಡ ಮನೆಯ ಲಡಿಯನ್ನೂ ಅದು ಕಿತ್ತುಕೊಳ್ಳುತ್ತಿರಲಿಲ್ಲ. ದೇಶವೇ ಆ ಎರಡು ಪೆನ್ನಿಯನ್ನು ಹಂಚಿಕೊಂಡಂತೆ ಇತ್ತು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ, ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅವಕಾಶ ಕೊಟ್ಟರು. ಧ್ವಜ ಅಗ್ಗವಾಯಿತು, ಮನೆಮನೆಗೂ ತಲುಪಿತು ಅನ್ನುವವರ ಮಾತನ್ನೂ ನಾನು ಕೇಳಿದ್ದೇನೆ. ಅಗ್ಗವಾದ ಆ ರೂಪಾಯಿ ನೂಲುವ ಹೆಂಗಸರ ಕೂಲಿಯಿಂದ ಬಂದದ್ದು. ಈ ತಿದ್ದುಪಡಿ ತಪ್ಪು ಅಂತಲೇ ನನ್ನ ಅಭಿಪ್ರಾಯ. ಸರ್ಕಾರಿ ಕಚೇರಿ, ಶಾಲೆ, ಪಂಚಾಯಿತಿಗಳ ಮಟ್ಟಿಗಾದರೂ ಹಳೆಯ ನಿಯಮ ವಾಪಸ್ ತರಬೇಕು.

ಹೊರದೇಶದಲ್ಲಿರುವ ನಾವು ಅದಕ್ಕೆ ಕಾಯಬೇಕಾಗಿಲ್ಲ. ಆಗಸ್ಟ್ 15ಕ್ಕೆ ಧ್ವಜವನ್ನು ಬೆಂಗೇರಿಯಿಂದಲೇ ತರಿಸೋಣ ಅಂತ ನಮ್ಮ ಕನ್ನಡ ಕೂಟದಲ್ಲಿ ಕೇಳಿದೆ. ಅಂಚೆ ಖರ್ಚು ಸೇರಿದರೆ ಇಲ್ಲಿ ಸಿಗುವ ಪಾಲಿಯೆಸ್ಟರ್ ಧ್ವಜಕ್ಕಿಂತ ತುಂಬ ಜಾಸ್ತಿಯಾಗುತ್ತದೆ ಅಂತ ಒಬ್ಬರು ಹೇಳಿದರು. ಹೌದು, ಆಗುತ್ತದೆ. ಹೆಚ್ಚಾಗುವ ಹಣವನ್ನು ಮನೆಗಿಷ್ಟು ಅಂತ ಹಾಕಿಕೊಳ್ಳಲು ಕೂಟದವರು ಒಪ್ಪಿದ್ದಾರೆ. ಬೇರೆ ಊರಿನ ಕೂಟದವರೂ ಸೇರಿದರೆ ಆರ್ಡರ್ ಒಟ್ಟಿಗೇ ಕಳಿಸಬಹುದು.