ಭಾರತದಲ್ಲಿ ನೆಂಟರಿದ್ದರೆ ಕ್ಲಿಯರೆನ್ಸ್ ಸಿಗುವುದಿಲ್ಲವೇ?

ಅಪ್ಪ ಅಮ್ಮ ಭಾರತದಲ್ಲಿದ್ದರೆ ಅಮೆರಿಕದಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್ (ಸರ್ಕಾರದ ರಹಸ್ಯ ಮಾಹಿತಿ ನೋಡಲು ಬೇಕಾದ ಅನುಮತಿ) ಆಸೆ ಬಿಡಿ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಸುಮ್ನೆ ಹೆದರಿಸಬೇಡಿ. ಅಮೆರಿಕದ ಪೌರತ್ವ ಬೇಕು, ನಿಜ. ಆಮೇಲೆ 2017ರಿಂದ ಜಾರಿಯಲ್ಲಿರುವ 13 ಮಾನದಂಡಗಳ ಪ್ರಕಾರ ಅರ್ಜಿದಾರನ ಬದುಕನ್ನೆಲ್ಲ ಒಟ್ಟಾಗಿ ನೋಡುತ್ತಾರೆ. ವಿದೇಶಿ ನಂಟು ಅದರಲ್ಲಿ ಒಂದು, ಅಷ್ಟೇ. ಮೈಸೂರಿನಲ್ಲಿರುವ ನಿವೃತ್ತ ಮೇಷ್ಟ್ರು ಅಪ್ಪನೂ, ದೆಹಲಿಯಲ್ಲಿ ರಕ್ಷಣಾ ಇಲಾಖೆಯ ಅಧಿಕಾರಿಯಾಗಿರುವ ಅಣ್ಣನೂ ಒಂದೇ ಅಲ್ಲ ಅಲ್ವಾ? ನೆಂಟರ ಮೂಲಕ ನಿಮ್ಮ ಮೇಲೆ ಯಾರಾದರೂ ಒತ್ತಡ ಹಾಕಬಹುದೇ ಎಂಬುದೇ ಅವರ ಚಿಂತೆ. ಊರಲ್ಲಿ ಸೈಟು, ಬ್ಯಾಂಕ್ ಖಾತೆ ಇದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಬೇಕು.

ನನಗೆ ಜಾಸ್ತಿ ಭಯ ಇನ್ನೊಂದು ವಿಷಯದ್ದು. ಹಿಂದೆ ಗಾಂಜಾ ಸೇದಿದ್ದು, ಕೆಲಸದಿಂದ ತೆಗೆದುಹಾಕಿದ್ದು ಇಂಥದ್ದನ್ನೆಲ್ಲ ಕ್ಲಿಯರೆನ್ಸ್‌ಗಾಗಿ ತುಂಬುವ ಎಸ್‌ಎಫ್‌-86 ಅರ್ಜಿಯಲ್ಲಿ ಮುಚ್ಚಿಡು ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಬೇಕೆಂದೇ ಸುಳ್ಳು ಬರೆಯುವುದು ಫೆಡರಲ್ ಅಪರಾಧ, 5 ವರ್ಷದವರೆಗೆ ಜೈಲಾಗಬಹುದು. ಹಳೆಯ ಗಾಂಜಾಕ್ಕಿಂತ ಆ ಸುಳ್ಳೇ ನಿಮ್ಮನ್ನು ಮುಳುಗಿಸುತ್ತದೆ. ಈಗಾಗಲೇ ಏನಾದರೂ ಬಿಟ್ಟು ಬರೆದಿದ್ದರೆ, ತನಿಖೆಯವರು ಎದುರಿಗಿಟ್ಟು ಕೇಳುವ ಮೊದಲೇ ನೀವಾಗಿ ಹೇಳಿ ಸರಿಪಡಿಸಿ. ಅದನ್ನು ನಿಮ್ಮ ಪರವಾಗಿ ಪರಿಗಣಿಸಲು ನಿಯಮದಲ್ಲೇ ಅವಕಾಶವಿದೆ. ಲೇಖಕರು ಇದನ್ನು ಒಂದು ಸಾಲಾದರೂ ಬರೆಯಬೇಕಿತ್ತು.